ಬಾಮೈದನ ಫೋನು, ಅರ್ಧ ಷೇರು

ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಬರುತ್ತಿತ್ತಲ್ಲ, ಅದರಲ್ಲಿ ಉಳಿದದ್ದನ್ನು ಇನ್ಫೋಸಿಸ್ ಷೇರಿಗೆ ಹಾಕಿದ್ದೆ. ಮಳೆ ನಂಬಿ ಶೇಂಗಾ ಬಿತ್ತಿದವನು ನಾನು. ಪೇಟೆ ಏರಿಳಿದರೆ ನಿದ್ದೆ ಕೆಡುವುದಿಲ್ಲ. ಕೆಡಿಸಿದವನು ಶಿರಾದ ನನ್ನ ಬಾಮೈದ.

2019ರ ಅಕ್ಟೋಬರ್ 21, ಸೋಮವಾರ. ಲಾಭ ಹೆಚ್ಚಾಗಿ ಕಾಣಲು ಇನ್ಫೋಸಿಸ್‌ನಲ್ಲಿ ಲೆಕ್ಕ ತಿದ್ದಿದ್ದಾರೆಂದು ಹೆಸರು ಹೇಳದ ನೌಕರರು ಬರೆದ ದೂರು ಸುದ್ದಿಯಾಯಿತು. ಮಹಾರಾಷ್ಟ್ರದಲ್ಲಿ ಮತದಾನ, ಮುಂಬೈ ಪೇಟೆಗೆ ರಜೆ. ರಾತ್ರಿ ನ್ಯೂಯಾರ್ಕಿನಲ್ಲಿ ಷೇರು ಬೀಳುತ್ತಿದೆ, ಇಲ್ಲಿ ಮಾರೋಣವೆಂದರೂ ಬಾಗಿಲಿಲ್ಲ. ಬಾಮೈದ ರಾತ್ರಿಯೆಲ್ಲ ಫೋನು ಮಾಡಿದ.

ಮಂಗಳವಾರ ಕೊರಟಗೆರೆಗೆ ಹೊರಟು ಮಧುಗಿರಿ ಬಸ್ ನಿಲ್ದಾಣದಲ್ಲಿದ್ದೆವು. ಒಂಬತ್ತೂ ಕಾಲಿಗೆ ಪೇಟೆ ತೆರೆಯಿತು, ಫೋನೂ ಬಂತು.

"ಭಾವ, ಆಗ್ಲೇ ಹತ್ತು ಪರ್ಸೆಂಟ್ ಹೋಯ್ತು! ಲೆಕ್ಕ ತಿದ್ದಿದ ಸತ್ಯಂ ಕಂಪನಿ ಏನಾಯ್ತು ಮರ್ತ್ರಾ? ಅಮೆರಿಕಾದಲ್ಲಿ ಕೇಸ್ ಹಾಕ್ತಾರಂತೆ. ಮಾರಾಕ್ಬಿಡಿ!"

"ತನಿಖೆ ಆಗ್ಲಿ ಇರಪ್ಪ," ಅಂದೆ. ಕೇಳಿದನೇ? ಅಕ್ಕನಿಗೆ ಫೋನು ಕೊಡಿ ಅಂದ. ನನ್ನವಳು ತಮ್ಮನ ಮಾತು ಕೇಳಿ ಅಲ್ಲೇ ಕಣ್ಣೊರೆಸಿಕೊಂಡಳು. ಕಂಡಕ್ಟರ್ "ಕೊರಟಗೆರೆ, ತುಮಕೂರು" ಅಂತ ಕೂಗುತ್ತಿದ್ದಾನೆ, ಜನ ಹತ್ತುತ್ತಿದ್ದಾರೆ, ಮೊಬೈಲಿನಲ್ಲಿ ಕೆಂಪು ಅಂಕಿ ಇಳಿಯುತ್ತಲೇ ಇದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅರ್ಧ ಮಾರಿದೆ. ಅಂದು ಸಂಜೆಗೆ 767ರ ಷೇರು 643ಕ್ಕೆ ನಿಂತಿತು. ಒಂದೇ ದಿನಕ್ಕೆ ಶೇ. 16.

2020ರ ಜನವರಿಯಲ್ಲಿ ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಆರೋಪಕ್ಕೆ ಪುರಾವೆ ಇಲ್ಲವೆಂದಿತು. ಮಾರ್ಚಿನಲ್ಲಿ ಅಮೆರಿಕದ ಷೇರು ನಿಯಂತ್ರಕರೂ ಕ್ರಮವಿಲ್ಲದೆ ತನಿಖೆ ಮುಗಿಸಿದರು. ನಡುವೆ ಕೊರೊನಾ ಬಂದು ಎಲ್ಲವೂ ಕುಸಿಯಿತು, ನಿಜ. ಆದರೂ ವರ್ಷ ಮುಗಿಯುವಾಗ ಬೆಲೆ 1,200 ದಾಟಿತ್ತು. ಉಳಿದ ಅರ್ಧ ನನ್ನದು. ಹೋದ ಅರ್ಧ ಅವನ ಲೆಕ್ಕಕ್ಕೆ.

ಕೇಳುವವರಿಗೆ ನಾನು ಹೇಳುವುದು ಇಷ್ಟೇ. ದೂರು ಬಂದರೆ ತನಿಖೆ ಯಾರದು, ವರದಿ ಯಾವಾಗ ನೋಡಿ. ಕಂಪನಿಯೇ ಆದಾಯದ ಬೆಳವಣಿಗೆ ಕುಗ್ಗುತ್ತದೆ ಅಂದರೆ ಅದು ಬೇರೆ ಮಾತು. 2023ರ ಏಪ್ರಿಲಿನಲ್ಲಿ ಬೆಳವಣಿಗೆ ಶೇ. 4ರಿಂದ 7 ಅಷ್ಟೇ ಅಂದಾಗ ನಾನು ಮಾರಲಿಲ್ಲ, ಹೊಸದಾಗಿ ಕೊಳ್ಳುವುದನ್ನು ಮಾತ್ರ ನಿಲ್ಲಿಸಿದೆ. ಅಂದೂ ಬಾಮೈದ ಫೋನು ಮಾಡಿದ್ದ, ಎತ್ತಲಿಲ್ಲ.

2019ರಲ್ಲಿ ಅವನಿಗಾದ ಗಾಬರಿಯ ಮೂಲ ಆಮೇಲೆ ತಿಳಿಯಿತು. ಡಿಸೆಂಬರಿನಲ್ಲಿ ಕಟ್ಟಬೇಕಿದ್ದ ಮಗನ ಕಾಲೇಜು ಫೀಸಿನ ದುಡ್ಡನ್ನು ತಂದು ಷೇರಿಗೆ ಹಾಕಿದ್ದ. ಅದನ್ನು ಅವನ ಹೆಂಡತಿಗೂ ಹೇಳಿರಲಿಲ್ಲ.