ಕೆರೆಯ ನೋಟಕ್ಕೆ ಬಾಡಿಗೆ ಕೊಡಿ, ಸಾಲ ಮಾಡಬೇಡಿ

ಬೆಂಗಳೂರಿನಲ್ಲಿ ಕೆರೆ ಪಕ್ಕದ ಬಡಾವಣೆ ಎಂದರೆ ಬೆಳಗಿನ ನಡಿಗೆಗೆ ಏರಿಯ ದಾರಿ, ಹಾರನ್ ಸದ್ದು ಕಡಿಮೆ ಇರುವ ಸಂಜೆ, ಒಂದಿಷ್ಟು ತಣ್ಣನೆಯ ಗಾಳಿ. ಈ ಸುಖ ನಿಜವಾದದ್ದು. ಅಂಥ ಬಡಾವಣೆಯ ಬಾಡಿಗೆದಾರನಾಗಿ ಅದನ್ನು ದಿನವೂ ಅನುಭವಿಸುವ ನಾನು ಅಲ್ಲಗಳೆಯಲಾರೆ. ನನ್ನ ತಕರಾರು ಅದಕ್ಕೆ ಹಣ ಕೊಡುವ ರೀತಿಯ ಬಗ್ಗೆ. ಕೆರೆಯ ನೋಟಕ್ಕೆ ತಿಂಗಳು ತಿಂಗಳು ಬಾಡಿಗೆ ಕೊಡುವುದು ಒಳ್ಳೆಯ ಖರ್ಚು, ಅದೇ ನೋಟಕ್ಕಾಗಿ ಇಪ್ಪತ್ತು ವರ್ಷದ ಸಾಲ ಹೊರುವುದು ಸಂಬಳದ ಮೇಲೆ ಬದುಕುವವರಿಗೆ ಕೆಟ್ಟ ಹೂಡಿಕೆ. ನೋಟದ ಬೆಲೆಯನ್ನು ಕೊಳ್ಳುವವರು ಮೊದಲೇ, ಒಂದೇ ಸಲಕ್ಕೆ ಕಟ್ಟಿಬಿಡುತ್ತಾರೆ. ಅದು ಮುಂದೆ ಉಳಿಯುತ್ತದೋ ಕೆಡುತ್ತದೋ ಎಂಬುದನ್ನು ಮೇಲಿನ ಕೆರೆಗಳಿಂದ ಹರಿದು ಬರುವ ನೀರು ನಿರ್ಧರಿಸುತ್ತದೆ.

ಲೆಕ್ಕ ನೋಡಿ. ಕೆರೆಗೆ ಮುಖ ಮಾಡಿದ ಫ್ಲ್ಯಾಟಿಗೆ ಬಿಲ್ಡರುಗಳು ‘ಪಿಎಲ್‌ಸಿ’ (ಪ್ರಿಫರೆನ್ಶಿಯಲ್ ಲೊಕೇಶನ್ ಚಾರ್ಜ್) ಎಂದು ಚದರಡಿ ಲೆಕ್ಕದಲ್ಲಿ ಹೆಚ್ಚುವರಿ ಹಣ ಕೇಳುತ್ತಾರೆ. ಉದಾಹರಣೆಗೆ ಅದು ಚದರಡಿಗೆ 300 ರೂಪಾಯಿ ಎಂದುಕೊಂಡರೆ, 1,400 ಚದರಡಿಯ ಫ್ಲ್ಯಾಟಿಗೆ 4.2 ಲಕ್ಷ ಆಗುತ್ತದೆ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಇದೊಂದರ ಕಂತೇ ತಿಂಗಳಿಗೆ ಸುಮಾರು 3,645 ರೂಪಾಯಿ, ಸಾಲ ತೀರುವ ಹೊತ್ತಿಗೆ ಕಟ್ಟಿರುವುದು ಸುಮಾರು 8.75 ಲಕ್ಷ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ಇಷ್ಟೆಲ್ಲ ಕೊಟ್ಟು ಪಡೆದದ್ದು ಬಾಲ್ಕನಿಯಿಂದ ಕಾಣುವ ನೀರು ಮಾತ್ರ, ಕೆರೆ ಸರ್ಕಾರದ್ದು.

ಆ ನೀರಿನ ಸ್ವಭಾವವನ್ನು ಬೆಲೆಪಟ್ಟಿ ಹೇಳುವುದಿಲ್ಲ. ನಮ್ಮ ಕೆರೆಗಳು ತಾವಾಗಿ ಆದ ಸರೋವರಗಳಲ್ಲ, ಹಿರಿಯರು ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿಕೊಂಡವು. ಒಂದು ಕೆರೆ ತುಂಬಿ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರಬೇಕು. ಏರಿಯ ಕೆಳಗಿನದು ಅಚ್ಚುಕಟ್ಟು, ತೂಬಿನ ನೀರಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆ. ಅದೇ ಗದ್ದೆಬಯಲಿನಲ್ಲಿ ಇಂದು ಬಡಾವಣೆಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ಕೆರೆಗಳು ಕೋಡಿ ಬಿದ್ದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ ಭಾಗದ ದುಬಾರಿ ವಿಲ್ಲಾಗಳ ಜನರನ್ನೂ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಅಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಬೆಳ್ಳಂದೂರು ಕೆರೆಯಂತೂ ಒಳಚರಂಡಿ ನೀರಿನಿಂದ ನೊರೆ ಉಕ್ಕಿಸಿ, 2015ರಿಂದ 2018ರ ನಡುವೆ ಮತ್ತೆ ಮತ್ತೆ ಹೊತ್ತಿ ಉರಿಯಿತು. ಅಂಥ ವರ್ಷದಲ್ಲಿ ಬಾಡಿಗೆದಾರ ಮನೆ ಬದಲಾಯಿಸಬಹುದು. ಸಾಲ ಮಾಡಿ ಕೊಂಡವರು ಕಿಟಕಿ ಮುಚ್ಚಿಕೊಂಡು ಕಂತು ಕಟ್ಟುತ್ತಿರಬೇಕು.

ಕಾನೂನೂ ಒಂದೇ ಕಡೆ ನಿಂತಿಲ್ಲ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟ ಮೇಲೆ ಮಾಸ್ಟರ್ ಪ್ಲಾನಿನ 30 ಮೀಟರ್ ಮತ್ತೆ ಜಾರಿಗೆ ಬಂತು. ಕೆರೆಗೆ ಮೀಸಲು ಜಾಗ ಹೆಚ್ಚು ಸಿಗಲಿ ಎಂದೇ ನಾನು ಬಯಸುವವನು. ಆದರೆ ಕೋರ್ಟಿನ ಒಂದು ಆದೇಶದಿಂದ ಗೆರೆ ಹೀಗೆ ಹಿಂದೆ ಮುಂದೆ ಸರಿಯುವ ಕಡೆ ಜೀವಮಾನದ ಉಳಿತಾಯ ಇಡುವಾಗ ಆ ಅಪಾಯಕ್ಕೆ ತಕ್ಕ ರಿಯಾಯಿತಿ ಸಿಗಬೇಕಿತ್ತು. ಸಿಗುತ್ತಿರುವುದು ಹೆಚ್ಚುವರಿ ಬೆಲೆಯ ಬಿಲ್ಲು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ: ಊರು ಬೆಳೆಯುತ್ತಿದೆ, ಕೆರೆಗಳು ಹೆಚ್ಚಾಗುವುದಿಲ್ಲ, ಆದ್ದರಿಂದ ಕೆರೆಯಂಚಿನ ಬೆಲೆ ಏರಲೇಬೇಕು ಎಂಬುದು. ಏರಬಹುದು, ಆದರೆ ಆ ಏರಿಕೆ ಇಡೀ ಬಡಾವಣೆಗೆ ಸಿಗುತ್ತದೆ. ಜಕ್ಕೂರು, ಕೈಕೊಂಡರಹಳ್ಳಿ, ಪುಟ್ಟೇನಹಳ್ಳಿ ಕೆರೆಗಳನ್ನು ಸರ್ಕಾರದ ಹಣದ ಜೊತೆ ಅಕ್ಕಪಕ್ಕದ ನಿವಾಸಿಗಳ ಶ್ರಮವೂ ಉಳಿಸಿದೆ. ಅಲ್ಲಿನ ನಡಿಗೆ ದಾರಿ ಎಲ್ಲರಿಗೂ ತೆರೆದಿದೆ. ಎರಡು ಬೀದಿ ಹಿಂದೆ, ಸ್ವಲ್ಪ ಎತ್ತರದಲ್ಲಿ ಮನೆ ಕೊಂಡವರೂ ಅದೇ ದಾರಿಯಲ್ಲಿ ನಡೆಯುತ್ತಾರೆ, ಅದೇ ಗಾಳಿ ಕುಡಿಯುತ್ತಾರೆ, ಪಿಎಲ್‌ಸಿ ಕಟ್ಟಿರುವುದಿಲ್ಲ. ಬಾಡಿಗೆ ಕಟ್ಟುವುದು ಹಣ ನೀರಿಗೆ ಹಾಕಿದಂತೆ ಎನ್ನುವವರಿಗೂ ಉತ್ತರವಿದೆ. ಫ್ಲ್ಯಾಟುಗಳ ವಾರ್ಷಿಕ ಬಾಡಿಗೆ ಸಾಮಾನ್ಯವಾಗಿ ಅವುಗಳ ಬೆಲೆಯ ಶೇ 3–4ರ ಆಸುಪಾಸಿನಲ್ಲಿರುತ್ತದೆ, ಗೃಹಸಾಲದ ಬಡ್ಡಿ ಅದರ ಸುಮಾರು ಎರಡರಷ್ಟು. ಮಾಲೀಕರು ಮನೆ ಖಾಲಿ ಮಾಡಿಸುವ ಭಯ, ವರ್ಷ ವರ್ಷ ಏರುವ ಬಾಡಿಗೆ, ದೊಡ್ಡ ಅಡ್ವಾನ್ಸು, ಇವು ನಿಜವಾದ ಕಷ್ಟಗಳು. ಮಕ್ಕಳ ಶಾಲೆಯ ಕಾರಣಕ್ಕೆ ಒಂದೇ ಕಡೆ ನೆಲೆ ನಿಲ್ಲಬೇಕಾದವರು ಕೊಳ್ಳುವುದರಲ್ಲಿ ಅರ್ಥವಿದೆ.

ಅಂಥವರು ಹಣ ಕೊಡುವ ಮುನ್ನ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿ, ಗ್ರಾಮನಕ್ಷೆಯಲ್ಲಿ ಕೆರೆಯ ಅಂಗಳ, ರಾಜಕಾಲುವೆ ಎಲ್ಲಿವೆ ನೋಡಬೇಕು. ಹಳೆಯ ಪಹಣಿಯಲ್ಲಿ ಜಮೀನು ‘ತರಿ’ ಎಂದಿದ್ದರೆ ಅದು ನೀರಾವರಿ ಗದ್ದೆಯಾಗಿತ್ತು ಎಂದೇ ತಿಳಿಯಿರಿ. ಬ್ಯಾಂಕು ಸಾಲದ ಜೊತೆ ಮಾಡಿಸುವ ವಿಮೆ ಎಷ್ಟೋ ಸಲ ಸಾಲಗಾರರ ಜೀವಕ್ಕಷ್ಟೇ ಸಂಬಂಧಿಸಿರುತ್ತದೆ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಪ್ರವಾಹದ ಹಾನಿಯೂ ಸೇರಿದೆ, ಅದನ್ನು ಬೇರೆಯಾಗಿ ಮಾಡಿಸಿ. ಮತ್ತು ಕನಿಷ್ಠ ಒಂದು ಮಳೆಗಾಲ ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ನೋಡುವವರೆಗೂ ಟೋಕನ್ ಅಡ್ವಾನ್ಸ್ ಕೊಡಬೇಡಿ.