ಸಣ್ಣ ಗೂಡ್ಸ್ ಗಾಡಿಗೆ ಎಷ್ಟು ಹೇರಬೇಕು?

ಹರಿಹರದಿಂದ ದಾವಣಗೆರೆ ಮಾರುಕಟ್ಟೆಗೆ ಸುಮಾರು 14 ಕಿ.ಮೀ. ಭದ್ರಾ ಅಚ್ಚುಕಟ್ಟಿನ ಭತ್ತ, ಮೆಕ್ಕೆಜೋಳ ಸಾಗಿಸಲು, 2005ರಲ್ಲಿ ಬಂದ ಟಾಟಾ ಏಸ್‌ನಂಥ ಸಣ್ಣ ಗಾಡಿಗಳು ಅನುಕೂಲ. ಆದರೆ ತೊಟ್ಟಿಯಲ್ಲಿ ಹಿಡಿಸುವುದೆಲ್ಲವನ್ನೂ ಗಾಡಿ ಹೊರಲಾರದು.

ತೊಟ್ಟಿ 2.2 ಮೀ. ಉದ್ದ, 1.5 ಮೀ. ಅಗಲ, 0.3 ಮೀ. ಎತ್ತರವಿದ್ದರೆ ಅದರ ಅಳತೆ ಸುಮಾರು 1 ಘನ ಮೀಟರ್. ಅಷ್ಟೇ ಜಾಗದಲ್ಲಿ ತುಂಬಿದ ಭತ್ತ ಸುಮಾರು 575 ಕಿ.ಗ್ರಾಂ., ಮೆಕ್ಕೆಜೋಳ 720, ಒಣ ಮರಳು 1600 ತೂಗುತ್ತವೆ.

ಲೆಕ್ಕ ಹಾಕುವ ಕ್ರಮ: ಆರ್.ಸಿ.ಯಲ್ಲಿ ನಮೂದಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನೂ ಚಾಲಕ, ಜೊತೆಗಾರರ ತೂಕವನ್ನೂ ಕಳೆಯಬೇಕು. ಉದಾಹರಣೆಗೆ, 1550ರಲ್ಲಿ 850 ಮತ್ತು 130 ಕಳೆದರೆ ಉಳಿಯುವುದು 570 ಕಿ.ಗ್ರಾಂ.; ಎಂದರೆ 50 ಕಿ.ಗ್ರಾಂ. ತೂಕದ 11 ಚೀಲ. ಪೇರಿಸಿ 20 ಚೀಲ ಹೇರಿದರೆ 430 ಕಿ.ಗ್ರಾಂ. ಹೆಚ್ಚಾಯಿತು. ಆಗ ಬ್ರೇಕ್ ಹಾಕಿದರೂ ಗಾಡಿ ಬೇಗ ನಿಲ್ಲದು. ಟೈರು ಕಾದು ಸಿಡಿಯಬಹುದು. ಭಾರವೆಲ್ಲ ಹಿಂಬದಿಗೆ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಮಿತಿಮೀರಿದ ಹೇರಿಗೆ ದಂಡ 20,000 ರೂ.; ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂ.

ಆದ್ದರಿಂದ ಹತ್ತು ಹತ್ತು ಚೀಲಗಳಂತೆ ಎರಡು ಸಲ, ಸಮನಾಗಿ ಹರಡಿ ಹಗ್ಗ ಬಿಗಿದು ಸಾಗಿಸುವುದೇ ಲೇಸು. ಎರಡನೆಯ ಸಲದ ಬಾಡಿಗೆ ದಂಡಕ್ಕಿಂತ ಎಷ್ಟೋ ಕಡಿಮೆ. ಜೀವಕ್ಕಂತೂ ಬೆಲೆ ಕಟ್ಟಲಾಗದು.