ಸಮೀಕ್ಷೆಯ ಉದ್ಯೋಗಿ, ಕಾನೂನಿನ ಕಾರ್ಮಿಕ

ಉದ್ಯೋಗ ಕುರಿತ ಸಂಶೋಧನೆ ಮತ್ತು ಕಾರ್ಮಿಕ ಕಾನೂನು ಒಂದೇ ಬಗೆಯ ಪದಗಳನ್ನು ಬಳಸಿದರೂ ಅವುಗಳ ಅಳತೆಗೋಲು ಬೇರೆಬೇರೆಯಾಗಿರುವುದರಿಂದ, ಲೆಕ್ಕದಲ್ಲಿ ಉದ್ಯೋಗಿಯಾದವನು ಹಕ್ಕಿನ ಹೊತ್ತಿಗೆ ಹೊರಗುಳಿಯುವುದುಂಟು. ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ‘ಕಾರ್ಮಿಕ ಬಲ’ ಎಂದರೆ ದುಡಿಯುತ್ತಿರುವವರು ಹಾಗೂ ಕೆಲಸ ಹುಡುಕುತ್ತಿರುವ ಇಲ್ಲವೆ ಸಿಕ್ಕರೆ ಮಾಡಲು ಸಿದ್ಧರಿರುವ ನಿರುದ್ಯೋಗಿಗಳು ಸೇರಿದ ಸಮೂಹವಾಗಿದ್ದು, ಅದರಲ್ಲಿ ನಿರುದ್ಯೋಗಿಗಳ ಶೇಕಡಾವಾರು ಪಾಲೇ ‘ನಿರುದ್ಯೋಗ ದರ’. ‘ಪ್ರಚಲಿತ ವಾರದ ಸ್ಥಿತಿ’ ಎಂಬ ಅಳತೆಯಂತೆ ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಿಯೇ. ಕಲ್ಯಾಣ್ ಅಥವಾ ಡೊಂಬಿವಲಿಯಲ್ಲಿ ದಿನಗೂಲಿಗಳು ಕೆಲಸಕ್ಕಾಗಿ ಕಾಯುವ ನಾಕಾದಲ್ಲಿ ವಾರವಿಡೀ ನಿಂತು ಒಂದೇ ದಿನ ಕೂಲಿ ಕಂಡವನನ್ನು ನಿರುದ್ಯೋಗಿಗಳ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಅದೇ ವ್ಯಕ್ತಿ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋದಾಗ ಒಂದು ಗಂಟೆಯ ದುಡಿಮೆ ಸಾಲದು. ಅಲ್ಲಿ ‘ಫಲಾನುಭವಿ’ ಎನಿಸಿಕೊಳ್ಳಲು 18ರಿಂದ 60ರೊಳಗಿನ ವಯಸ್ಸಿನ ಜೊತೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮುಕಾದಮನ (ಮೇಸ್ತ್ರಿಯ) ಕೈಕೆಳಗೆ ದುಡಿಯುವವನಿಗೆ ಆ ಸಹಿಯನ್ನು ಯಾರು ಹಾಕಬೇಕೆಂಬುದೇ ದೊಡ್ಡ ತೊಡಕು. ಹಾಜರಿ ಚೀಟಿ, ಕೂಲಿ ಜಮೆಯಾದ ಖಾತೆಯ ವಿವರ, ಕೆಲಸದ ಸ್ಥಳ ಮತ್ತು ದಿನಾಂಕ ಬರೆದಿಟ್ಟ ಪುಸ್ತಕ ಇಲ್ಲಿ ನೆರವಾಗಬಲ್ಲವು.

ಹಲವು ಮಾಲೀಕರ ಬಳಿ ದುಡಿಯುವವರ ಈ ಸಮಸ್ಯೆಗೆ ಮಹಾರಾಷ್ಟ್ರದ 1969ರ ಮಾಥಾಡಿ (ಹೊರೆಯಾಳುಗಳ) ಕಾಯ್ದೆ ಹಿಂದೆಯೇ ಒಂದು ಜಾಣ ಉತ್ತರ ಕಂಡುಕೊಂಡಿತ್ತು. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವಂಥವರನ್ನು ಅದು ‘ಅಸಂರಕ್ಷಿತ ಕಾರ್ಮಿಕ’ರೆಂದು ಕರೆಯುತ್ತದೆ. ವ್ಯಾಪಾರಿಗಳು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಾಥಾಡಿ ಮಂಡಳಿಗೆ ಕಟ್ಟಿ, ಮಂಡಳಿಯೇ ನೋಂದಾಯಿತ ಕಾರ್ಮಿಕನಿಗೆ ಕೂಲಿ ವಿತರಿಸಿ ಭವಿಷ್ಯ ನಿಧಿಯಂಥ ಸೌಲಭ್ಯಗಳನ್ನು ನೋಡಿಕೊಳ್ಳುವುದರಿಂದ, ಮಾಲೀಕ ಬದಲಾದರೂ ಸೇವೆಯ ದಾಖಲೆ ತುಂಡಾಗುವುದಿಲ್ಲ. ನಾಕಾ ಕಾರ್ಮಿಕರಿಗೆ ಇಂಥ ಏರ್ಪಾಡು ಒದಗದಿರುವುದು ನ್ಯಾಯವೆನಿಸದು.

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಮಹಾರಾಷ್ಟ್ರಕ್ಕೆ ಬಂದು ದುಡಿಯುವ ಕನ್ನಡಿಗರಿಗೆ ‘ಅಂತರರಾಜ್ಯ ವಲಸೆ ಕಾರ್ಮಿಕ’ ಎಂಬ ಪದ ಮುಖ್ಯ. 1979ರ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದವರನ್ನಷ್ಟೇ ಹೀಗೆ ಗುರುತಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ, ತಾವಾಗಿಯೇ ಬಂದು ಸಂಸ್ಥೆಯೊಂದರಲ್ಲಿ ಕೆಲಸ ಹಿಡಿದ, ತಿಂಗಳಿಗೆ 18,000 ರೂಪಾಯಿವರೆಗೆ ವೇತನವಿರುವವರನ್ನೂ ಒಳಗೊಂಡಿದೆ. ಗುತ್ತಿಗೆದಾರ ಕೂಲಿ ಬಾಕಿ ಉಳಿಸಿಕೊಂಡರೆ ಅದನ್ನು ತೆರಬೇಕಾದವನು ‘ಪ್ರಧಾನ ಉದ್ಯೋಗದಾತ’, ಅಂದರೆ ಯಾರ ಸಂಸ್ಥೆಗಾಗಿ ಆ ಕೆಲಸ ನಡೆಯಿತೋ ಆತ.

ವೇತನ ಸಂಹಿತೆಯಂತೆ ಬಾಕಿ ಕೂಲಿಗಾಗಿ ಮೂರು ವರ್ಷದೊಳಗೆ ನಿಗದಿತ ಪ್ರಾಧಿಕಾರಕ್ಕೆ ಕಾರ್ಮಿಕನಾಗಲಿ ಆತ ಸದಸ್ಯನಾಗಿರುವ ನೋಂದಾಯಿತ ಸಂಘವಾಗಲಿ ಅರ್ಜಿ ಸಲ್ಲಿಸಬಹುದಾಗಿದ್ದು, ಹಣ ಪಾವತಿಸಿದ್ದೇನೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ವಕೀಲರ ಶುಲ್ಕ ಭರಿಸಲಾಗದ ಅರ್ಹರು ಥಾಣೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಅಥವಾ 15100 ಸಹಾಯವಾಣಿಯ ಮೂಲಕ ಉಚಿತ ನೆರವು ಕೋರಬಹುದು.